ಗದ್ದಲ ಸೋಸುವ ಪುಟ್ಟ ಪೆಟ್ಟಿಗೆ

ಬೇಸಿಗೆಯ ಸಂಜೆ 7 ಮೆಗಾಹರ್ಟ್ಸ್ ಬ್ಯಾಂಡಿಗೆ ರೇಡಿಯೊ ತಿರುಗಿಸಿದರೆ ಮೊದಲು ಕಿವಿಗೆ ಬೀಳುವುದು ಮಿಂಚಿನ ಚಟಪಟ ಸದ್ದು. ನೂರಾರು ಕಿಲೋಮೀಟರ್ ಆಚೆ ಎಲ್ಲೋ ಮಳೆ ಸುರಿಯುತ್ತಿರುತ್ತದೆ, ಅದರ ಸಿಡಿಲೆಲ್ಲ ಇಲ್ಲಿ ಸ್ಪೀಕರಿನಲ್ಲಿ ಸಿಡಿಯುತ್ತದೆ. ಜೊತೆಗೆ ಅಕ್ಕಪಕ್ಕದ ಮನೆಗಳ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಯುಪಿಎಸ್‌ಗಳ ಗುಂಯ್‌ಗುಡುವಿಕೆ. ಇದೆಲ್ಲದರ ಅಡಿಯಲ್ಲಿ, ಐದು ವಾಟಿನ ಪುಟ್ಟ ಸೆಟ್ಟಿನಿಂದ ಯಾರೋ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊದವರು, ಮೋರ್ಸ್ ಸಂಕೇತದಲ್ಲಿ ಕರೆಯುತ್ತಿರುತ್ತಾರೆ. ಆ ಕರೆಯನ್ನು ಎತ್ತಿಕೊಳ್ಳಲು ಇರುವ ಉಪಾಯಗಳಲ್ಲಿ ಅಗ್ಗದ್ದು, ಮನೆಯಲ್ಲೇ ಕಟ್ಟಿಕೊಳ್ಳಬಹುದಾದದ್ದು ಆಡಿಯೊ ಫಿಲ್ಟರ್. ರಿಸೀವರಿನ ಹೆಡ್‌ಫೋನ್ ತೂತಿಗೂ ಹೆಡ್‌ಫೋನಿಗೂ ನಡುವೆ ಅದನ್ನು ಸಿಕ್ಕಿಸಿದರಾಯಿತು, ರೇಡಿಯೊದ ಹೊಟ್ಟೆ ಬಿಚ್ಚಬೇಕಿಲ್ಲ.

ಮಾತಿನ ಸಂಪರ್ಕಕ್ಕೆ ಸುಮಾರು 2,400 ಹರ್ಟ್ಸ್ ಅಗಲದ ಜಾಗ ಬೇಕು. ಮೋರ್ಸ್‌ಗೆ, ಅಂದರೆ ಹ್ಯಾಮ್‌ಗಳ ಬಾಯಲ್ಲಿ ಸಿಡಬ್ಲ್ಯುಗೆ, ಅಷ್ಟು ಬೇಡ. ಅದು ಒಂದೇ ಸ್ವರ, ಬಂದು ಬಂದು ನಿಲ್ಲುವ ಸ್ವರ. 240 ಹರ್ಟ್ಸ್ ಧಾರಾಳ. ಹಿನ್ನೆಲೆಯ ಭೋರೆಂಬ ಗದ್ದಲವಾದರೋ ಇಡೀ ಅಗಲಕ್ಕೆ ಸಮನಾಗಿ ಹರಡಿಕೊಂಡಿರುತ್ತದೆ. ಜಾಗವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಗದ್ದಲದ ಶಕ್ತಿಯೂ ಅಷ್ಟೇ ಇಳಿಯುತ್ತದೆ, ಸಂಕೇತ ಮಾತ್ರ ಇದ್ದಷ್ಟೇ ಇರುತ್ತದೆ. ಲಾಭ 10 ಡೆಸಿಬೆಲ್. ಆ ಕಡೆಯವರು 5 ವಾಟನ್ನು 50ಕ್ಕೆ ಏರಿಸಿದಷ್ಟೇ ಇದು.

ಇದು ಲೆಕ್ಕದ ಮಾತು. ಕೇಳುವವರಿಗೆ ಅಷ್ಟೂ ದಕ್ಕುವುದಿಲ್ಲ, ಏಕೆಂದರೆ ಕಿವಿಯೇ ಒಂದು ಫಿಲ್ಟರ್. ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ 1940ರಲ್ಲಿ ಇದನ್ನು ವಿವರಿಸಿದರು: ಒಂದು ಸ್ವರವನ್ನು ಕೇಳುವಾಗ ಅದರ ಅಕ್ಕಪಕ್ಕದ ಸಣ್ಣ ಪಟ್ಟಿಯೊಳಗಿನ ಗದ್ದಲವಷ್ಟೇ ಅದನ್ನು ಮುಚ್ಚಬಲ್ಲದು. 700 ಹರ್ಟ್ಸ್ ಆಸುಪಾಸಿನಲ್ಲಿ ಆ ಪಟ್ಟಿ ಹೆಚ್ಚೆಂದರೆ ನೂರೈವತ್ತು ಹರ್ಟ್ಸ್. ಹಾಗಾದರೆ ಪೆಟ್ಟಿಗೆ ಯಾಕೆ? ದಣಿವು ತಪ್ಪಿಸಲು. ರಾತ್ರಿಯಿಡೀ ಗದ್ದಲದೊಳಗಿಂದ ಅಕ್ಷರ ಹೆಕ್ಕುವವರ ತಲೆಗೆ ಅದು ಕೊಡುವ ಬಿಡುವು ಯಾವ ಮೀಟರಿನಲ್ಲೂ ಕಾಣುವುದಿಲ್ಲ. ನನ್ನ ಮಟ್ಟಿಗೆ ಫಿಲ್ಟರಿನ ದೊಡ್ಡ ಉಪಕಾರ ಇದೇ.

ಹಳೆಯ ಕಾಲದ ಅಮೆರಿಕದ ಹ್ಯಾಮ್‌ಗಳು ಇಂಥ ಫಿಲ್ಟರಿಗೆ ಟೆಲಿಫೋನ್ ಕಂಪನಿಗಳ ಗುಜರಿಯನ್ನೇ ನೆಚ್ಚಿಕೊಂಡಿದ್ದರು. ದೂರದ ತಂತಿಗಳಲ್ಲಿ ಮಾತು ಮಸುಕಾಗದಿರಲೆಂದು ಪ್ರತಿ 6,000 ಅಡಿಗೊಂದು 88 ಮಿಲಿಹೆನ್ರಿ ಸುರುಳಿ ಕೂರಿಸುತ್ತಿದ್ದರು. ಉಂಗುರಾಕಾರದ ಆ ಸುರುಳಿಗಳು ಗುಜರಿಗೆ ಬಂದಾಗ ಹ್ಯಾಮ್‌ಗಳ ಮೇಜು ಸೇರಿದವು. ಅಂಥದ್ದೊಂದಕ್ಕೆ 0.47 ಮೈಕ್ರೊಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಸುಮಾರು 780 ಹರ್ಟ್ಸ್‌ಗೆ ಶ್ರುತಿ ಕೂರುತ್ತದೆ, ಸಿಡಬ್ಲ್ಯು ಕೇಳಲು ಹೇಳಿ ಮಾಡಿಸಿದ ಸ್ವರ. ಬ್ಯಾಟರಿಯೂ ಬೇಡ. ಆಮೇಲೆ 741ರಂಥ ಆಪ್‌ಆಂಪ್ ಐಸಿಗಳು ಬಂದು ಸುರುಳಿಯ ಕೆಲಸವನ್ನು ಒಂದೆರಡು ಕೆಪಾಸಿಟರ್, ನಾಲ್ಕಾರು ರೆಸಿಸ್ಟರುಗಳಿಗೆ ಒಪ್ಪಿಸಿದವು.

ಫಿಲ್ಟರಿನ ಸಂದು ಕಿರಿದಾದಷ್ಟೂ ಒಳ್ಳೆಯದು ಅನ್ನಿಸುವುದು ಸಹಜ. ಹಾಗಲ್ಲ. ಕಿರಿದಾದ ಫಿಲ್ಟರಿಗೆ ಸ್ವರ ಶುರುವಾಗಲೂ ಹೊತ್ತು ಬೇಕು, ನಿಲ್ಲಲೂ ಹೊತ್ತು ಬೇಕು. 50 ಹರ್ಟ್ಸ್‌ಗೆ ಇಳಿಸಿದರೆ ವೇಗದ ಮೋರ್ಸ್‌ನ ಚುಕ್ಕಿಗಳು ಒಂದಕ್ಕೊಂದು ಅಂಟಿಕೊಂಡು ಗಂಟೆಯ ಅನುರಣನದಂತೆ ಎಳೆಯುತ್ತವೆ. ಮಿಂಚಿನ ಒಂದು ಚಿಟಕೂ ಉದ್ದವಾಗಿ ‘ಟೊಂಯ್’ ಎನ್ನುತ್ತದೆ, ಅದು ಚುಕ್ಕಿಯೋ ಮಿಂಚೋ ತಿಳಿಯದು. ಮಿಂಚು ಜೋರಿರುವ ರಾತ್ರಿ ಅಗಲ ಹೆಚ್ಚಿಸುವುದೇ ಜಾಣತನ.

ಇನ್ನೊಂದು ಮಿತಿಯೂ ಇದೆ. ಆಡಿಯೊ ಫಿಲ್ಟರ್ ಕೂರುವುದು ಸಾಲಿನ ಕೊನೆಗೆ. ಪಕ್ಕದಲ್ಲೇ ಬಲವಾದ ಸ್ಟೇಷನ್ನೊಂದು ಇದ್ದರೆ ಅದರ ಸದ್ದನ್ನು ಇದು ತಡೆದೀತು, ಆದರೆ ಅಷ್ಟರಲ್ಲೇ ಆ ಸ್ಟೇಷನ್ ರೇಡಿಯೊದ ಎಜಿಸಿಯನ್ನು, ಅಂದರೆ ಸದ್ದಿನ ಮಟ್ಟವನ್ನು ತಾನೇ ಸರಿದೂಗಿಸುವ ಏರ್ಪಾಡನ್ನು, ಅದುಮಿರುತ್ತದೆ. ನಮಗೆ ಬೇಕಾದ ಕ್ಷೀಣ ಸ್ವರ ಅದರ ತಾಳಕ್ಕೆ ತಕ್ಕಂತೆ ಮೇಲೆದ್ದು ಕೆಳಗೆ ಮುಳುಗುತ್ತದೆ. ಅಂಥಲ್ಲಿ ಎಜಿಸಿಯನ್ನು ಆಫ್ ಮಾಡಿ ಆರ್‌ಎಫ್ ಗೇನ್ ಇಳಿಸಬೇಕು, ಇಲ್ಲವೇ ಎಜಿಸಿಗಿಂತ ಮುಂಚೆಯೇ ಕೂರುವ ಕಿರಿದಾದ ಕ್ರಿಸ್ಟಲ್ ಫಿಲ್ಟರ್ ಇರಬೇಕು.

ಬ್ಯಾಂಡಿನ ನಡುವೆ ಕುಯ್ಯೋ ಎನ್ನುವ ಸಿಳ್ಳೆಗೆ ಮದ್ದು ಬೇರೆ: ಆ ಸ್ವರವೊಂದನ್ನೇ ಕಿತ್ತುಹಾಕುವ ನಾಚ್. ಸ್ಟ್ಯಾನ್‌ಫರ್ಡಿನ ಬರ್ನಾರ್ಡ್ ವಿಡ್ರೊ ಮತ್ತು ಟೆಡ್ ಹಾಫ್ 1960ರಲ್ಲಿ ಕೊಟ್ಟ ಎಲ್‌ಎಂಎಸ್ ವಿಧಾನದಿಂದ, ಸಿಳ್ಳೆ ಎಲ್ಲಿದೆ ಎಂದು ತಾನೇ ಕಲಿತು ಅಳಿಸುವ ನಾಚ್ ಡಿಎಸ್‌ಪಿ (ಸಂಕೇತವನ್ನು ಅಂಕಿಗಳಾಗಿಸಿ ಸಂಸ್ಕರಿಸುವ) ಚಿಪ್ಪುಗಳಿಗೆ ಬಂತು. 2017ರ ಎಫ್‌ಟಿ8 ವಿಧಾನವಂತೂ ಕಿವಿಯನ್ನೇ ಬದಿಗಿಟ್ಟಿದೆ. ಸುಮಾರು 50 ಹರ್ಟ್ಸ್ ಅಗಲದ, 15 ಸೆಕೆಂಡಿನ ಪಾಳಿಯ ಸಂಕೇತವನ್ನು ಕಂಪ್ಯೂಟರ್ ಓದುತ್ತದೆ, ನಮಗೆ ಏನೂ ಕೇಳದಿದ್ದಾಗಲೂ. ಅದರ ಸಾಮರ್ಥ್ಯ ದೊಡ್ಡದು. ಆದರೂ ಕಿವಿಯಿಂದ ಹಿಡಿದ ಕರೆಯ ಸಂತೋಷವನ್ನು ನಾನು ಬಿಟ್ಟುಕೊಡಲಾರೆ.

ನಮ್ಮಲ್ಲಿ ಹ್ಯಾಮ್ ಆಗಲು 12 ವರ್ಷ ತುಂಬಿರಬೇಕು, ಕೇಂದ್ರ ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು. ಹೊಸಬರು ಬಹಳ ಮಂದಿ ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ ಬಿಟ್‌ಎಕ್ಸ್‌ನಂಥ ಸರಳ ಸೆಟ್ಟಿನಿಂದ ಶುರು ಮಾಡುತ್ತಾರೆ. ಅದರ ಕ್ರಿಸ್ಟಲ್ ಫಿಲ್ಟರ್ ಮಾತಿನ ಅಗಲದ್ದು, ಹಾಗಾಗಿ ಸಿಡಬ್ಲ್ಯುಗೆ ಆಡಿಯೊ ಫಿಲ್ಟರ್ ಒಳ್ಳೆಯ ಜೋಡಿ. ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋದರೆ ಬೇಕಾದ ಐಸಿ, ಕೆಪಾಸಿಟರ್ ಎಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ. ಎರಡು ಅಗಲಕ್ಕೆ ಒಂದು ಸ್ವಿಚ್ ಇಡಿ. ಅಗಲವಾದದ್ದರಲ್ಲಿ ಬ್ಯಾಂಡ್ ಹುಡುಕಿ, ಕರೆ ಸಿಕ್ಕ ಮೇಲೆ ಕಿರಿದಾದದ್ದಕ್ಕೆ ಬನ್ನಿ.