ಪಹಣಿಯ ಕಾವಲು

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ಮಾನ್ವಿಯ ಗದ್ದೆಗೂ, ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಚಹರೆಯನ್ನೇ ಬದಲಿಸಿಕೊಂಡ ದೇವದುರ್ಗದ ಎರೆಹೊಲಕ್ಕೂ ಸಮಾನವಾದ ವಸ್ತುವೊಂದುಂಟು. ಅದು ಒಂದು ಹಾಳೆ ಕಾಗದ. ಹಿಂದೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಭಾಗದವರು ಅದನ್ನು ಉತಾರವೆನ್ನುತ್ತಾರೆ. ಸರ್ಕಾರಿ ಕಡತಗಳಲ್ಲಿ ಅದು ಆರ್.ಟಿ.ಸಿ.; ನಿಜಾಮರ ಆಳ್ವಿಕೆಯನ್ನು ಕಂಡ ರಾಯಚೂರು ಸೀಮೆಯವರ ಬಾಯಲ್ಲಿ ಮಾತ್ರ ಪಹಣಿ. ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರನ ಹೆಸರು, ಬೆಳೆದ ಬೆಳೆ, ಹೊಲದ ಮೇಲಿರುವ ಸಾಲದ ಭಾರ, ಇಷ್ಟೂ ಅದರಲ್ಲಿ ಅಡಕವಾಗಿವೆ. ಬ್ಯಾಂಕಿನ ಬೆಳೆಸಾಲಕ್ಕೆ ಅದು ಬೇಕು. ಅಣ್ಣತಮ್ಮಂದಿರ ಪಾಲುಪಟ್ಟಿಗೆ ಬೇಕು. ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿದರಂತೂ ಅದಿಲ್ಲದೆ ಮಾತೇ ಇಲ್ಲ.

ಈ ಕಾಗದವನ್ನು ಪಡೆಯಲು ಬಂದ ರೈತನಿಗೆ ಕಿಟಕಿಯ ಆಚೆಯಿಂದ ಎಷ್ಟೋ ದಿನ ದೊರೆಯುವ ಉತ್ತರ, “ಸರ್ವರ್ ಇಲ್ರೀ, ನಾಳಿ ಬರ್ರಿ” ಎಂಬುದು. ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚನ್ನು ನುಂಗಿ ಹಾಕುವ ಈ ನಾಲ್ಕು ಪದಗಳ ಹಿಂದೆ ಏನು ನಡೆದಿರುತ್ತದೆ ಎಂಬುದನ್ನು ತಿಳಿಯುವ ಕುತೂಹಲ ಬಹಳ ಮಂದಿಗೆ ಇದ್ದಂತಿಲ್ಲ. ಮಳೆ ಬರಲಿಲ್ಲವೆಂಬಂತೆ ಅದನ್ನೂ ದೈವಾಯತ್ತವೆಂದು ಸಹಿಸಿಕೊಳ್ಳುವುದೇ ರೂಢಿಯಾಗಿದೆ. ಆದರೆ ಅದರಲ್ಲಿ ದೈವದ ಪಾಲು ಅತ್ಯಲ್ಪ.

ರಾಯಚೂರು ಜಿಲ್ಲೆಗೆ ದಾಖಲೆಯೆಂಬುದು ಹೊಸ ಸಂಗತಿಯಲ್ಲ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳಿದ ಮಸ್ಕಿಯ ಶಿಲಾಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಇದೇ ಜಿಲ್ಲೆಯ ನೆಲದಲ್ಲಿ. ಬಂಡೆಯ ಮೇಲಿನ ಬರಹ ಎರಡು ಸಾವಿರ ವರ್ಷಗಳಿಗೂ ಮೀರಿ ಬಾಳಿತು, ನಿಜ. ಆದರೆ ಅಪ್ಪನ ಹೆಸರನ್ನು ಅಳಿಸಿ ಮಗನ ಹೆಸರನ್ನು ಬರೆಯುವ ಅನುಕೂಲ ಬಂಡೆಗೆ ಇಲ್ಲ. ಪಹಣಿಯ ಕಷ್ಟವೆಲ್ಲ ಇರುವುದು ಇಲ್ಲಿಯೇ. ಅದು ಬಂಡೆಯಂತೆ ಬಾಳಬೇಕು, ನೀರಿನಂತೆ ಬದಲಾಗಲೂ ಬೇಕು.

ಹಿಂದೆ ಈ ಕೆಲಸ ಪಟ್ವಾರಿಯ ದಫ್ತರದಲ್ಲಿ, ಆಮೇಲೆ ಗ್ರಾಮಲೆಕ್ಕಿಗನ ಚೀಲದಲ್ಲಿ ನಡೆಯುತ್ತಿತ್ತು. ರಾಜ್ಯದಾದ್ಯಂತ ಅಂಥ ಸುಮಾರು 9,000 ಲೆಕ್ಕಿಗರು. ಪುಸ್ತಕ ಯಾರ ಕೈಯಲ್ಲಿದೆಯೋ ಹಕ್ಕು ಅವನ ಮರ್ಜಿಯಲ್ಲಿದೆ ಎಂಬ ಸ್ಥಿತಿಯನ್ನು ತೊಡೆಯುವ ಸಲುವಾಗಿ ಹುಟ್ಟಿದ್ದು ‘ಭೂಮಿ’ ಯೋಜನೆ. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ರಚಿಸಿದ ತಂತ್ರಾಂಶದ ನೆರವಿನಿಂದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಯಂತ್ರಕ್ಕೆ ಏರಿದವು. 2002ರ ವೇಳೆಗೆ ಎಲ್ಲ ತಾಲ್ಲೂಕುಗಳಲ್ಲಿಯೂ 15 ರೂಪಾಯಿ ಕೊಟ್ಟು ಮುದ್ರಿತ ಪ್ರತಿಯನ್ನು ಪಡೆಯುವಂತಾಯಿತು. ಕೈಬರಹದ ಪಹಣಿಗೆ ಇದ್ದ ಮಾನ್ಯತೆ ಹೋಯಿತು. ಸಿಬ್ಬಂದಿ ಗುಪ್ತಪದವನ್ನು ಹಂಚಿಕೊಳ್ಳದಿರಲೆಂದು ಹೆಬ್ಬೆರಳಿನ ಗುರುತನ್ನೇ ಬೀಗದ ಕೈಯಾಗಿ ಮಾಡಿದ್ದರು. ಹಳ್ಳಿಗರು ತಲೆತಲಾಂತರದಿಂದ ಹಾಕುತ್ತ ಬಂದ ಹೆಬ್ಬೆಟ್ಟನ್ನು ಈ ಬಾರಿ ಸರ್ಕಾರಿ ನೌಕರರು ಹಾಕಬೇಕಾಯಿತೆಂಬುದು ಸ್ವಾರಸ್ಯದ ಸಂಗತಿಯಲ್ಲವೇ?

ಕೋಷ್ಟಕಗಳ ಬಾಂಧವ್ಯ

ಯಂತ್ರದೊಳಗೆ ಪಹಣಿ ಹಾಳೆಯ ರೂಪದಲ್ಲಿ ಇರುವುದಿಲ್ಲ. ಅದು ದತ್ತಸಂಚಯ, ಎಂದರೆ ಡೇಟಾಬೇಸು, ಎಂಬ ವ್ಯವಸ್ಥೆಯಲ್ಲಿ ಹಲವು ಕೋಷ್ಟಕಗಳಾಗಿ ಹಂಚಿಹೋಗಿರುತ್ತದೆ. ಈ ವಿಧಾನದ ಮೂಲಪುರುಷ ಐ.ಬಿ.ಎಂ. ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್. ಅವನ ಪ್ರಬಂಧ ಪ್ರಕಟವಾದದ್ದು 1970ರಲ್ಲಿ. ಒಂದು ಸಂಗತಿಯನ್ನು ಒಂದೇ ಕಡೆ ಬರೆ, ಉಳಿದೆಡೆ ಅದರ ಗುರುತನ್ನು ಮಾತ್ರ ಇಡು—ಸ್ಥೂಲವಾಗಿ ಇದೇ ಆ ವಿಧಾನದ ತಿರುಳು. ಇದರ ಬೆಲೆ ರಾಯಚೂರಿನವರಿಗೆ ಬೇಗ ತಿಳಿಯುತ್ತದೆ. ಮಾನ್ವಿ ತಾಲ್ಲೂಕಿನಲ್ಲಿದ್ದ ಸಿರವಾರ ಈಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಾಯಿತು. ಕಾಗದದ ಕಾಲದಲ್ಲಾದರೆ ಪ್ರತಿಯೊಂದು ಪಹಣಿಯ ನೆತ್ತಿಯ ಮೇಲೆಯೂ ‘ಮಾನ್ವಿ’ಯನ್ನು ಹೊಡೆದು ‘ಸಿರವಾರ’ ಎಂದು ಬರೆಯಬೇಕಿತ್ತು. ಕೋಷ್ಟಕಗಳನ್ನು ಸರಿಯಾಗಿ ಹೆಣೆದಿದ್ದರೆ ಗ್ರಾಮಗಳ ಪಟ್ಟಿಯಲ್ಲಿ ಊರಿಗೊಂದು ಸಾಲು ತಿದ್ದಿದರೆ ಸಾಕು. ಹೊಲಗಳ ಸಾಲುಗಳನ್ನು ಮುಟ್ಟುವ ಗೊಡವೆಯೇ ಇಲ್ಲ. 2014ರಲ್ಲಿ ಗುಲ್ಬರ್ಗ ಕಲಬುರಗಿಯಾದಾಗಲೂ ಅಷ್ಟೆ, ಒಂದು ಸಾಲಿನ ಕೆಲಸ.

‘ಭೂಮಿ’ ಮೊದಲು ನಿಂತದ್ದು ಮೈಕ್ರೋಸಾಫ್ಟ್ ಕಂಪೆನಿಯ ಒಡೆತನದ ದತ್ತಸಂಚಯದ ಮೇಲೆ. ಒಳಗಿನ ರಚನೆಯನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳಿಗೆ ಆದ್ಯತೆ ಸಲ್ಲಬೇಕೆಂಬ ನೀತಿಯನ್ನು ಭಾರತ ಸರ್ಕಾರ 2015ರಲ್ಲಿ ಪ್ರಕಟಿಸಿತು. ಅಂಥವುಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಪ್ರಖ್ಯಾತವಾದದ್ದು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1986ರಲ್ಲಿ ಆರಂಭಿಸಿದ ಪ್ರಯೋಗ ಅದು; 1996ರಿಂದ ಈಗಿನ ಹೆಸರಿನಲ್ಲಿ, ಯಾವ ಒಬ್ಬ ಒಡೆಯನೂ ಇಲ್ಲದೆ, ನಾನಾ ದೇಶಗಳ ಸ್ವಯಂಸೇವಕರಿಂದ ಬೆಳೆದು ಬಂದಿದೆ. ಬೆಲೆ ಕೊಡಬೇಕಾಗಿಲ್ಲ. ಆದರೆ ಕಾಯುವವನಿಲ್ಲದೆ ಅದೂ ನಡೆಯದು. ಪಹಣಿಯಂಥ ದಾಖಲೆಯನ್ನು ಅದರಲ್ಲಿ ಇರಿಸಿದರೆ ಎದುರಾಗುವ ತೊಡಕುಗಳು ಯಾವ ಬಗೆಯವು ಎಂಬುದನ್ನು ನೋಡುವುದು ಉಚಿತ.

ಚಹಾಕ್ಕೆ ಹೋದ ಗುಮಾಸ್ತ

ಮಾನ್ವಿಯಲ್ಲಿ ಒಬ್ಬ ಗುಮಾಸ್ತ ಪೌತಿ ಖಾತೆಯ ಬದಲಾವಣೆಯೊಂದನ್ನು ತೆರೆದು, ಅರ್ಧಕ್ಕೆ ನಿಲ್ಲಿಸಿ, ಚಹಾಕ್ಕೆ ಹೋದನೆಂದು ಭಾವಿಸಿಕೊಳ್ಳಿ. ಅವನು ಮುಟ್ಟಿದ ಸಾಲಿಗೆ ದತ್ತಸಂಚಯ ಬೀಗ ಹಾಕಿರುತ್ತದೆ. ಹಾಕಲೇಬೇಕು, ಇಲ್ಲವಾದರೆ ಅದೇ ಹೊಲದ ಮೇಲೆ ಬ್ಯಾಂಕಿನವರು ಸಾಲದ ಭಾರವನ್ನು ಅದೇ ಗಳಿಗೆಯಲ್ಲಿ ಬರೆದು, ಒಂದು ಬರಹ ಇನ್ನೊಂದನ್ನು ನುಂಗಿಬಿಡಬಹುದು. ಆದರೆ ಗುಮಾಸ್ತ ಮರಳುವವರೆಗೆ ಆ ಸಾಲನ್ನು ತಿದ್ದಬಯಸುವವರೆಲ್ಲ ಸರದಿಯಲ್ಲಿ ನಿಲ್ಲುತ್ತಾರೆ. ಅವರು ಹಿಡಿದಿರುವ ಬೀಗಗಳಿಗಾಗಿ ಮತ್ತಷ್ಟು ಮಂದಿ. ಯಂತ್ರ ಕೆಟ್ಟಿಲ್ಲ, ತಂತಿ ಕಡಿದಿಲ್ಲ, ಆದರೂ ಕಿಟಕಿಯಲ್ಲಿ “ಸರ್ವರ್ ಇಲ್ರೀ”.

ಅನುಭವವಿಲ್ಲದವನು ಇಂಥ ಹೊತ್ತಿನಲ್ಲಿ ಮಾಡುವ ಮೊದಲ ಕೆಲಸ ಯಂತ್ರವನ್ನೇ ಆರಿಸಿ ಹೊತ್ತಿಸುವುದು. ಸರದಿಯೇನೋ ಕರಗುತ್ತದೆ, ಅದರೊಡನೆ ಕಾರಣದ ಕುರುಹೂ ಅಳಿಸಿಹೋಗುತ್ತದೆ. ಮರುದಿನ ಮತ್ತೆ ಅದೇ ಪಾಡು. ಬಲ್ಲವನಾದರೆ ಈಗ ಯಾರು ಯಾರು ಒಳಗಿದ್ದಾರೆ, ಯಾರು ಯಾರಿಗಾಗಿ ಕಾದಿದ್ದಾರೆ ಎಂದು ತೋರಿಸುವ ಕೋಷ್ಟಕವನ್ನು ಮೊದಲು ನೋಡುತ್ತಾನೆ. ಪೋಸ್ಟ್‌ಗ್ರೆಸ್‌ನಲ್ಲಿ ಅದು ಸಿದ್ಧವಾಗಿಯೇ ಇದೆ. ಸರದಿಯ ತಲೆಯಲ್ಲಿ ನಿಂತ ಒಂದು ವ್ಯವಹಾರವನ್ನು ಹುಡುಕಿ ಅದನ್ನು ಮಾತ್ರ ಮುಗಿಸುತ್ತಾನೆ. ಬಳಿಕ, ಸುಮ್ಮನೆ ತೆರೆದಿಟ್ಟ ವ್ಯವಹಾರ ಇಂತಿಷ್ಟು ನಿಮಿಷಕ್ಕೆ ತಾನಾಗಿಯೇ ರದ್ದಾಗಲೆಂದು ಕಟ್ಟಳೆ ಹಾಕುತ್ತಾನೆ. ಹಾಗೆ ತೆರೆದಿಟ್ಟದ್ದರಿಂದ ಮತ್ತೊಂದು ಹಾನಿಯೂ ಉಂಟು. ಪೋಸ್ಟ್‌ಗ್ರೆಸ್ ಹಳೆಯ ಸಾಲನ್ನು ತಕ್ಷಣ ಅಳಿಸದೆ ಪಕ್ಕದಲ್ಲಿ ಹೊಸದನ್ನು ಬರೆಯುತ್ತದೆ. ಸತ್ತ ಸಾಲುಗಳನ್ನು ಗುಡಿಸುವ ಜಾಡಮಾಲಿ ಬೇರೆಯೇ ಇದ್ದಾನೆ. ಹಳೆಯ ವ್ಯವಹಾರವೊಂದು ತೆರೆದಿರುವವರೆಗೆ ಅವನು ಅದಕ್ಕೆ ಕಾಣುವ ಕಸವನ್ನು ಮುಟ್ಟುವಂತಿಲ್ಲ. ಕಸ ಬೆಳೆದಷ್ಟೂ ಹುಡುಕಾಟ ನಿಧಾನ.

ಇನ್ನು ವಿದ್ಯುತ್ತಿನ ಮಾತು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವನ್ನು ಮಡಿಲಲ್ಲಿ ಇಟ್ಟುಕೊಂಡ ಜಿಲ್ಲೆಗೂ ಕರೆಂಟು ಹೋಗುವುದು ತಪ್ಪಿದ್ದಲ್ಲ. ಅಪ್ಪನ ಹೆಸರು ಅಳಿದು ಮಗನ ಹೆಸರು ಏರುವ ಮೊದಲೇ ದೀಪ ಆರಿದರೆ ಹೊಲ ಯಾರದು? ಇದಕ್ಕೆ ದತ್ತಸಂಚಯದವರು ಕಂಡುಕೊಂಡ ಉಪಾಯವನ್ನು ರಾಯಚೂರಿನ ರಾಜೇಂದ್ರ ಗಂಜಿನ ಯಾವ ಅಡತಿ ಅಂಗಡಿಯ ಲೆಕ್ಕಿಗನಾದರೂ ಮೆಚ್ಚಿಯಾನು. ವ್ಯವಹಾರವನ್ನು ಮೊದಲು ರೋಜುಕೀರ್ದಿಯಲ್ಲಿ ಬರೆದು, ಆಮೇಲೆ ಖಾತೆ ಪುಸ್ತಕಕ್ಕೆ ಎತ್ತುವುದು ಹಿಂದಿನಿಂದ ಬಂದ ಪದ್ಧತಿ. ಪೋಸ್ಟ್‌ಗ್ರೆಸ್ ಮಾಡುವುದೂ ಅದನ್ನೇ. ಕೀರ್ದಿಯಲ್ಲಿ ‘ಮುಗಿಯಿತು’ ಎಂಬ ಗುರುತು ಬಿದ್ದಿದ್ದರೆ, ದೀಪ ಬಂದ ಮೇಲೆ ಅದನ್ನು ಓದಿ ಖಾತೆಯನ್ನು ಪೂರ್ಣಗೊಳಿಸುತ್ತದೆ; ಗುರುತಿಲ್ಲದಿದ್ದರೆ ಆ ಬದಲಾವಣೆ ನಡೆದೇ ಇಲ್ಲವೆಂದು ತಿಳಿಯುತ್ತದೆ. ಅರ್ಧ ಅಪ್ಪನದು ಅರ್ಧ ಮಗನದು ಎಂಬ ಹೊಲ ಇರುವುದಿಲ್ಲ.

ಈ ಕೀರ್ದಿಯ ಕಡತಗಳು ತುಂಬಿ ಡಿಸ್ಕಿನಲ್ಲಿ ಜಾಗ ಮುಗಿಯುವುದು ಪದೇ ಪದೇ ಕಾಣುವ ತೊಡಕು. ಹಿಂದೆ ಈ ಕಡತಗಳಿದ್ದ ಕಪಾಟಿನ ಹೆಸರು ‘ಎಕ್ಸ್‌ಲಾಗ್’ ಎಂದು ಕೊನೆಗೊಳ್ಳುತ್ತಿತ್ತು. ಲಾಗ್ ಎಂದರೆ ನಿರುಪಯುಕ್ತ ಟಿಪ್ಪಣಿಯೆಂದು ಬಗೆದು ಎಷ್ಟೋ ಮಂದಿ ಅದನ್ನು ಅಳಿಸಿ, ದತ್ತಸಂಚಯವನ್ನೇ ಕಳೆದುಕೊಂಡರು. ಕೊನೆಗೆ 2017ರ ಹತ್ತನೆಯ ಆವೃತ್ತಿಯಲ್ಲಿ ಆ ಕಪಾಟಿನ ಹೆಸರನ್ನೇ ಬದಲಿಸಬೇಕಾಯಿತು. ಹೆಸರಿನಿಂದಾಗುವ ಅನರ್ಥವನ್ನು ಹೆಸರು ಬದಲಿಸಿಯೇ ತಪ್ಪಿಸಿದ ಈ ತಿದ್ದುಪಡಿ, ದೊಡ್ಡ ದೊಡ್ಡ ಸುಧಾರಣೆಗಳಿಗಿಂತ ಹೆಚ್ಚು ಜನರನ್ನು ಉಳಿಸಿದ್ದರೆ ಅಚ್ಚರಿಯಿಲ್ಲ.

ಕನ್ನಡದ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು

ಕನ್ನಡದ ದಾಖಲೆಗಳಿಗೆ ಮಾತ್ರ ಒದಗುವ ಕಷ್ಟಗಳೂ ಉಂಟು. ‘ದೊಡ್ಡಬಸಪ್ಪ’ ಎಂಬ ಹೆಸರಿನ ‘ದೊ’ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಅವು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ದೊಡ್ಡಬಸಪ್ಪ ಎದುರಿಗೇ ನಿಂತಿರುತ್ತಾನೆ, ಅವನ ಹೆಸರಿನ ಹೊಲವೂ ಇರುತ್ತದೆ, ಹುಡುಕಿದರೆ ಇಲ್ಲವೆಂಬ ಉತ್ತರ. ಬರೆಯುವಾಗಲೇ ಎಲ್ಲವನ್ನೂ ಒಂದು ರೂಪಕ್ಕೆ ತರುವುದು ಇದಕ್ಕೆ ಪರಿಹಾರ. ಹಳೆಯ ನುಡಿ ಲಿಪಿಯಲ್ಲಿ ಬೆರಳಚ್ಚು ಮಾಡಿದ ಹೆಸರುಗಳನ್ನು ಯೂನಿಕೋಡಿಗೆ ಪರಿವರ್ತಿಸುವಾಗಲೂ ಇಂಥ ಎಚ್ಚರ ಅಗತ್ಯ.

ಅಕಾರಾದಿಯ ಕಥೆ ಇನ್ನೂ ವಿಚಿತ್ರ. ಅಕ್ಷರಗಳ ಅನುಕ್ರಮವನ್ನು ಪೋಸ್ಟ್‌ಗ್ರೆಸ್ ವಾಡಿಕೆಯಾಗಿ ತಾನು ನಿಂತ ಲಿನಕ್ಸ್ ವ್ಯವಸ್ಥೆಯಿಂದಲೇ ಎರವಲು ಪಡೆಯುತ್ತದೆ. 2018ರಲ್ಲಿ ಲಿನಕ್ಸಿನ ಮೂಲ ಗ್ರಂಥಾಲಯದಲ್ಲಿ ಆ ಅನುಕ್ರಮ ವ್ಯಾಪಕವಾಗಿ ಬದಲಾಯಿತು. ಹಳೆಯ ಕ್ರಮದಲ್ಲಿ ಕಟ್ಟಿದ ಹೆಸರುಗಳ ಸೂಚಿಯನ್ನು ಹೊಸ ಕ್ರಮದಲ್ಲಿ ಹುಡುಕಿದರೆ, ನಿಘಂಟಿನ ಪುಟಗಳನ್ನು ಕಲಸಿಟ್ಟಂತೆ, ಇರುವ ಪದವೂ ಸಿಗದು. ಸೂಚಿಗಳನ್ನೆಲ್ಲ ಹೊಸದಾಗಿ ಕಟ್ಟಿದವರು ಪಾರಾದರು.

ಐದು ಹಗ್ಗಗಳು

ಕಾವಲುಗಾರನ ನಿಜವಾದ ಪರೀಕ್ಷೆ ಪ್ರತಿಗಳನ್ನು ಕಾಯ್ದಿಡುವುದರಲ್ಲಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ ನಡೆದ ಘಟನೆಯನ್ನು ಈ ವೃತ್ತಿಯವರು ಇಂದಿಗೂ ಮರೆತಿಲ್ಲ. ಎರಡು ಪೋಸ್ಟ್‌ಗ್ರೆಸ್ ಯಂತ್ರಗಳು: ಒಂದು ಮೂಲ, ಒಂದು ನೆರಳು. ನೆರಳು ಹಿಂದೆ ಬಿದ್ದಿತ್ತು. ರಾತ್ರಿಯ ಹೊತ್ತು ದಣಿದಿದ್ದ ತಂತ್ರಜ್ಞನೊಬ್ಬ ನೆರಳನ್ನು ಬರಿದು ಮಾಡಿ ಹೊಸದಾಗಿ ತುಂಬಿಸಲು ಹೊರಟು, ಆಜ್ಞೆಯನ್ನು ಮೂಲಯಂತ್ರಕ್ಕೇ ಕೊಟ್ಟುಬಿಟ್ಟ. ಒಂದೆರಡು ಕ್ಷಣಗಳಲ್ಲಿ ತಪ್ಪರಿತು ತಡೆದ. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು 4.5 ಮಾತ್ರ.

ಸಂಸ್ಥೆಯ ಬಳಿ ಮರಳಿ ಪಡೆಯುವ ಐದು ಬಗೆಯ ಏರ್ಪಾಡುಗಳಿದ್ದವು. ಒಂದೊಂದಾಗಿ ಎಳೆದು ನೋಡಿದರೆ ಯಾವ ಹಗ್ಗದ ತುದಿಯಲ್ಲಿಯೂ ಕೊಡ ಇರಲಿಲ್ಲ. ದಿನವೂ ಪ್ರತಿ ತೆಗೆಯಬೇಕಾಗಿದ್ದ ಸಾಧನ 9.2ನೆಯ ಆವೃತ್ತಿಯದು, ದತ್ತಸಂಚಯವೋ 9.6, ಹೀಗಾಗಿ ಅದು ಕೆಲಸವನ್ನೇ ಮಾಡದೆ ನಿಲ್ಲುತ್ತಿತ್ತು. ವಿಫಲವಾಯಿತೆಂದು ಹೇಳುವ ಪತ್ರಗಳು ಅಂಚೆಯಲ್ಲಿ ತಿರಸ್ಕೃತವಾಗಿ ಯಾರ ಕೈಗೂ ಸೇರುತ್ತಿರಲಿಲ್ಲ. ಬೇರೊಂದು ಪ್ರಯೋಗಕ್ಕೆಂದು ಆರು ಗಂಟೆಗಳ ಹಿಂದೆ ಆಕಸ್ಮಿಕವಾಗಿ ತೆಗೆದಿಟ್ಟಿದ್ದ ಪ್ರತಿಯೊಂದು ಕೊನೆಗೆ ಮಾನ ಕಾಯಿತು. ಆ ಆರು ಗಂಟೆಗಳ ಬರಹ ಮಾತ್ರ ಹೋಯಿತು. ತಮ್ಮ ತಪ್ಪನ್ನು ಮುಚ್ಚಿಡದೆ, ದುರಸ್ತಿಯ ಕೆಲಸವನ್ನು ಜಗತ್ತಿಗೇ ನೇರಪ್ರಸಾರ ಮಾಡಿದ ಅವರ ಪ್ರಾಮಾಣಿಕತೆಯಿಂದ ಉಳಿದವರು ಕಲಿತದ್ದು ಬಹಳ.

ಆರು ಗಂಟೆಗಳ ಅವಧಿಯನ್ನು ಕಂದಾಯ ಕಚೇರಿಯ ಲೆಕ್ಕದಲ್ಲಿ ಅಳೆದು ನೋಡಬೇಕು. ಅದು ಒಂದು ಇಡೀ ದಿನದ ಕೆಲಸ. ದೇವದುರ್ಗದಲ್ಲಿ ಆ ದಿನ ಸಾಲ ತೀರಿಸಿ ಭಾರ ಇಳಿಸಿಕೊಂಡವನ ಹೊಲದ ಮೇಲೆ ಸಾಲ ಮತ್ತೆ ಬಂದು ಕುಳಿತಿರುತ್ತದೆ. ಕೊಂಡವನ ಹೊಲ ಮಾರಿದವನ ಹೆಸರಿಗೆ ಮರಳಿರುತ್ತದೆ. ಆದುದರಿಂದ ಪ್ರತಿ ತೆಗೆದೆವೆಂಬ ಮಾತಿಗೆ ಬಲ್ಲವರು ಬೆಲೆ ಕೊಡುವುದಿಲ್ಲ. ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಬಿಚ್ಚಿ, ಇಷ್ಟು ಗ್ರಾಮಗಳು, ಇಷ್ಟು ಸರ್ವೆ ನಂಬರುಗಳು, ನಿನ್ನೆಯ ಕೊನೆಯ ಬದಲಾವಣೆ ಇಂಥದು ಎಂದು ಎಣಿಸಿ ನೋಡಿದಿರಾ ಎಂದು ಕೇಳುತ್ತಾರೆ.

ಇಷ್ಟೆಲ್ಲ ಕಾವಲಿಗೂ ನಿಲುಕದ ದೋಷ ಒಂದಿದೆ. ಮೊದಲ ದಿನ ಕಾಗದದಿಂದ ಯಂತ್ರಕ್ಕೆ ಎತ್ತುವಾಗಲೇ ಈರಣ್ಣ ವೀರಣ್ಣನಾಗಿದ್ದರೆ, ನಾಲ್ಕು ಎಕರೆ ಎರಡಾಗಿದ್ದರೆ, ದತ್ತಸಂಚಯ ಆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಅದರ ತಿದ್ದುಪಡಿ ತಂತ್ರಜ್ಞನ ಕೈಯಲ್ಲಿಲ್ಲ. ಅದು ತಹಸೀಲ್ದಾರರ ಮುಂದೆ ಅರ್ಜಿಯಾಗಿ ನಿಲ್ಲಬೇಕು, ಹಳೆಯ ಕೈಬರಹದ ಪುಸ್ತಕ ಸಾಕ್ಷಿಯಾಗಿ ಬರಬೇಕು. ಅಂಥ ಪುಸ್ತಕಗಳ ಛಾಯಾಪ್ರತಿ ತೆಗೆದು ಯಂತ್ರದಲ್ಲಿರಿಸುವ ‘ಭೂಸುರಕ್ಷಾ’ ಯೋಜನೆ 2024ರಲ್ಲಿ ಆರಂಭವಾಯಿತು. ಆದರೆ ಛಾಯಾಪ್ರತಿ ಚಿತ್ರವೇ ಹೊರತು ಕೋಷ್ಟಕದ ಸಾಲಲ್ಲ. ಅದನ್ನು ಮನುಷ್ಯನೇ ಓದಬೇಕು. 1948ರ ಹಿಂದಿನ ರಾಯಚೂರಿನ ಕಂದಾಯ ಕಡತಗಳಾದರೋ ಉರ್ದು ಬರಹದವು. ಮೊಮ್ಮಗನ ಹೊಲದ ತಕರಾರು ಅಷ್ಟು ಹಿಂದಕ್ಕೆ ಹೋದರೆ, ಸರ್ವರ್ ಇದ್ದರೂ ಮೊದಲು ಹುಡುಕಬೇಕಾದದ್ದು ಆ ಲಿಪಿಯನ್ನು ಬಲ್ಲ ಹಿರಿಯರೊಬ್ಬರನ್ನು.