ತೊಗರಿ ಕಣಜದ ಬಡಕಲು ಮಕ್ಕಳು

ಕಲಬುರಗಿ ಜಿಲ್ಲೆಯ ಎರೆಮಣ್ಣಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ತೊಗರಿ ಬೆಳೆಯುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕೂಲಿಕಾರರ ಮನೆಯಲ್ಲಿ ಮಗುವಿನ ತಾಟಿಗೆ ಬೀಳುವುದು ಹೆಚ್ಚಾಗಿ ಜೋಳದ ರೊಟ್ಟಿ, ಖಾರ, ತಿಳಿ ಸಾರು. ಸಣ್ಣ ರೈತನ ತೊಗರಿ ರಾಶಿಯಾದ ಕೂಡಲೇ ಸಾಲ ತೀರಿಸಲು ಮಾರುಕಟ್ಟೆ ಸೇರುತ್ತದೆ. ಹೊಲವೇ ಇಲ್ಲದವರು ಬೇಳೆಯನ್ನು ಅಂಗಡಿಯಲ್ಲಿ ಕೊಳ್ಳಬೇಕು. ಹಾಲು, ಮೊಟ್ಟೆ, ಹಣ್ಣಿನ ಮಾತು ದೂರವೇ ಉಳಿಯಿತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 19.5ರಷ್ಟು ಮಂದಿ ಎತ್ತರಕ್ಕೆ ತಕ್ಕ ತೂಕವಿಲ್ಲದವರು. ಆರು ತಿಂಗಳು ದಾಟಿದ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಇವೆಲ್ಲ ಇಡೀ ರಾಜ್ಯದ ಸರಾಸರಿ. ಕಲಬುರಗಿಯ ಪಕ್ಕದ ಯಾದಗಿರಿಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ, ಅಂದರೆ ಬೆಳವಣಿಗೆ ಕುಂಠಿತವಾದ ಮಕ್ಕಳು ಅರ್ಧಕ್ಕಿಂತ ಹೆಚ್ಚು. ಸೊರಗಿದ ಮಗು ನೋಡಿದೊಡನೆ ತಿಳಿಯುತ್ತದೆ. ಕುಂಠಿತವಾದದ್ದು ಹಾಗಲ್ಲ, ನಾಲ್ಕು ವರ್ಷದ ಮಗು ಮೂರು ವರ್ಷದ್ದರಂತೆ ಕಾಣುತ್ತದೆ, ಓಡಾಡಿಕೊಂಡೂ ಇರುತ್ತದೆ. ತಂದೆ-ತಾಯಿಯೂ ಗಿಡ್ಡಗಿದ್ದರೆ ಯಾರಿಗೂ ಅದು ಕಾಯಿಲೆ ಅನಿಸುವುದಿಲ್ಲ.

ಕೊರತೆ ಶುರುವಾಗುವುದು ಬಸಿರಿನಲ್ಲೇ. ಹದಿನೆಂಟು ತುಂಬುವ ಮೊದಲೇ ಮದುವೆಯಾದ, ರಕ್ತ ಕಡಿಮೆಯಿರುವ ಹುಡುಗಿಗೆ ಎರಡೂವರೆ ಕಿಲೋ ತೂಗದ ಕೂಸು ಹುಟ್ಟುವ ಸಂಭವ ಹೆಚ್ಚು. ಕೂಲಿ ಬಿಟ್ಟರೆ ಒಲೆ ಉರಿಯದ ಮನೆಯ ಬಾಣಂತಿ ಬೇಗನೆ ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಾಳೆ. ಕೂಸು ಅಜ್ಜಿಯ ಇಲ್ಲವೇ ಅಕ್ಕನ ಕೈಗೆ. ಆರು ತಿಂಗಳಿಗೆ ಮೆತ್ತಗಿನ ಅನ್ನ-ಬೇಳೆ ಶುರುವಾಗಬೇಕಾದಲ್ಲಿ ಚಹಾದಲ್ಲಿ ಅದ್ದಿದ ಬಿಸ್ಕತ್ತು ಸಿಗುತ್ತದೆ. ಮಳೆಗಾಲದ ಕೆಟ್ಟ ನೀರಿಗೆ ಭೇದಿ ಹತ್ತಿದರೆ ಇದ್ದ ತೂಕವೂ ಇಳಿದು, ಹಸಿವು ಸತ್ತು, ಮುಂದಿನ ಜ್ವರಕ್ಕೆ ಮೈ ಇನ್ನಷ್ಟು ಸೋಲುತ್ತದೆ.

1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಯೇ ಈ ಅಪೌಷ್ಟಿಕತೆಗೆ ಊರಲ್ಲಿರುವ ಮೊದಲ ಉತ್ತರ. ಕಾರ್ಯಕರ್ತೆ ಮಗುವಿನ ಎಡತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡುತ್ತಾಳೆ. ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. 2013ರ ಆಹಾರ ಭದ್ರತಾ ಕಾಯ್ದೆಯಂತೆ ಸಾಮಾನ್ಯ ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲರಿ, ಅಪೌಷ್ಟಿಕ ಮಗುವಿಗೆ 800 ಕಿಲೋಕ್ಯಾಲರಿ ಪೂರಕ ಆಹಾರ ಸಿಗಬೇಕು. ಸ್ಥಿತಿ ಬಿಗಡಾಯಿಸಿದ ಮಗುವನ್ನು ತಾಯಿಯ ಜೊತೆ ಸುಮಾರು ಎರಡು ವಾರ ಪೌಷ್ಟಿಕ ಪುನರ್ವಸತಿ ಕೇಂದ್ರದಲ್ಲಿ ಇರಿಸಿ, ಅಳೆದು ತೂಗಿ ಹಾಲಿನ ಮಿಶ್ರಣ ಕುಡಿಸುತ್ತಾರೆ. ತಾಯಿಗೆ ಕೂಲಿನಷ್ಟದ ಪರಿಹಾರವೂ ಉಂಟು. ಆದರೆ ಮನೆಯಲ್ಲಿ ಉಳಿದ ಮಕ್ಕಳಿಗೆ ರೊಟ್ಟಿ ಬಡಿಯುವವರು ಯಾರು ಎಂಬುದಕ್ಕೆ ಯಾವ ಯೋಜನೆಯಲ್ಲೂ ಉತ್ತರವಿಲ್ಲ.

ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ 2017ರಲ್ಲಿ ಬಂತು. ಊಟದ ಹೊತ್ತಿಗೆ ದೂರದ ಹೊಲದಲ್ಲಿರುವವಳಿಗೆ ಅದು ಎಟುಕುವುದು ಕಷ್ಟ. 2021ರ ಡಿಸೆಂಬರಿನಲ್ಲಿ ಕಲಬುರಗಿಯೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಬೇಡವಾದವರಿಗೆ ಬಾಳೆಹಣ್ಣು ಇತ್ತು. ಗದ್ದಲ ಮಾತ್ರ ಮೊಟ್ಟೆಯದೇ. ಶಾಲೆಯ ಮೊಟ್ಟೆ ಒಳ್ಳೆಯದೇ, ಆದರೆ ಅದು ಸಿಗುವ ಹೊತ್ತಿಗೆ ಮಗುವಿಗೆ ಆರು ವರ್ಷ. ಮಿದುಳೂ ಮೂಳೆಯೂ ಭರದಿಂದ ಬೆಳೆಯುವ ಮೊದಲ ಎರಡು ವರ್ಷ ಅಷ್ಟರಲ್ಲಿ ಮುಗಿದಿರುತ್ತವೆ.

ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಈಗ ಇದೆ. ಸುತ್ತಲಿನ ಊರು-ತಾಂಡಾಗಳ ಜನ ಮಾತ್ರ ಇಂದಿಗೂ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಗುವಿನ ಹೆಸರು ಊರಿನ ದಾಖಲೆಯಲ್ಲಿ, ಮಗು ಕಟ್ಟಡದ ಮರಳರಾಶಿಯ ಮೇಲೆ. ಅಂಗನವಾಡಿಗಳಲ್ಲಿ 2021ರಿಂದ ಬಳಕೆಯಲ್ಲಿರುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ವಲಸೆ ಮಗುವನ್ನು ಬೇರೆ ಊರಿನ ಅಂಗನವಾಡಿಗೆ ವರ್ಗಾಯಿಸುವ ಅವಕಾಶವಿದೆ. ಅದು ಫಲಿಸಬೇಕಾದರೆ ಕೆಲಸದ ಜಾಗದ ಹತ್ತಿರ ಅಂಗನವಾಡಿ ಇರಬೇಕು, ಅಲ್ಲಿಯವರಿಗೆ ಕನ್ನಡವೋ ಲಂಬಾಣಿಯೋ ತಿಳಿಯಬೇಕು, ಹೊಸ ಊರಲ್ಲೂ ಮಗುವಿಗೆ ಊಟದ ಹಕ್ಕಿದೆ ಎಂದು ತಾಯಿಗೆ ಯಾರಾದರೂ ಹೊರಡುವ ಮೊದಲೇ ಹೇಳಿರಬೇಕು.