ಗರಡಿಯ ಸಾಮು ಮತ್ತು ಸಮಾಜದ ಬೆಳವಣಿಗೆ

ಚೀನೀ ಭಾಷೆಯ ‘ಕುಂಗ್ ಫೂ’ ಎಂಬ ಶಬ್ದಕ್ಕೆ ದೀರ್ಘಕಾಲದ ಪರಿಶ್ರಮದಿಂದ ಕೈಗೂಡಿದ ನೈಪುಣ್ಯವೆಂಬುದು ಮೂಲಾರ್ಥ. ಪಾಕಶಾಸ್ತ್ರದಲ್ಲಿ ನುರಿತವನಿಗೂ, ಅಕ್ಷರ ಬರೆಯುವುದರಲ್ಲಿ ಪಳಗಿದವನಿಗೂ ಆ ಮಾತು ಸಲ್ಲುತ್ತದೆ. 1970ರ ದಶಕದಲ್ಲಿ ಬ್ರೂಸ್ ಲೀ ಅವರ ಚಲನಚಿತ್ರಗಳು ಜಗತ್ತನ್ನೆಲ್ಲ ಸುತ್ತಿದ ಮೇಲೆ ಅದು ಕಾಳಗದ ವಿದ್ಯೆಯೊಂದರ ಹೆಸರಾಗಿ ಎಲ್ಲೆಡೆ ರೂಢಿಗೆ ಬಂದಿತು. ಕನ್ನಡದಲ್ಲಿ ಇದಕ್ಕೆ ಸರಿಜೋಡಿಯೆನ್ನಬಹುದಾದ ಮಾತೊಂದುಂಟು. ಗರಡಿಮನೆಯಲ್ಲಿ ನಡೆಯುವ ಅಂಗಸಾಧನೆಗೆ ‘ಸಾಮು’ ಎಂದು ಹೆಸರು. ಇದನ್ನು ‘ಶ್ರಮ’ ಎಂಬ ಸಂಸ್ಕೃತ ಶಬ್ದದ ತದ್ಭವವೆಂದು ಹೇಳುವುದುಂಟು. ದೂರದ ಎರಡು ನಾಡುಗಳು ಮಲ್ಲವಿದ್ಯೆಯನ್ನು ಶ್ರಮದ ಹೆಸರಿನಿಂದಲೇ ಕರೆದವೆಂಬುದು ಗಮನಾರ್ಹ ಸಂಗತಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರದ ಪಟ್ಟಣಗಳಲ್ಲಿ ಇಂದು ಕರಾಟೆ, ಕುಂಗ್ ಫೂಗಳ ಹೆಸರು ಮಕ್ಕಳ ಬಾಯಲ್ಲಿದೆ. ಅದು ಸಂತೋಷದ ವಿಷಯವೇ. ಆದರೆ ಈ ನೆಲದಲ್ಲಿಯೇ ಬೇರುಬಿಟ್ಟ ಗರಡಿಯ ವಿದ್ಯೆಯು ವ್ಯಕ್ತಿಯನ್ನೂ ಸಮುದಾಯವನ್ನೂ ಹೇಗೆ ಬೆಳೆಸಿತು, ಅದರಿಂದ ಇಂದಿನ ಶಾಲೆಗಳು ಪಡೆಯಬಹುದಾದುದೇನು ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ.

ವಿಹಾರ, ಅರಮನೆ ಮತ್ತು ಗರಡಿ

ಚೀನದ ಹೆನಾನ್ ಪ್ರಾಂತದಲ್ಲಿರುವ ಶಾವೊಲಿನ್ ಬೌದ್ಧ ವಿಹಾರವು ಕ್ರಿ.ಶ. 495ರಲ್ಲಿ ಸ್ಥಾಪಿತವಾಯಿತು. ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನು ಅಲ್ಲಿಯ ಭಿಕ್ಷುಗಳಿಗೆ ಈ ವಿದ್ಯೆಯನ್ನು ಕಲಿಸಿದನೆಂಬ ಪ್ರತೀತಿಯಿದೆ. ಆ ಕಥೆ ಬಹು ಶತಮಾನಗಳ ತರುವಾಯ ಹುಟ್ಟಿದುದೆಂಬುದು ಇತಿಹಾಸಕಾರರ ಅಭಿಪ್ರಾಯ. ಆದರೆ ಆ ವಿಹಾರದ ಭಿಕ್ಷುಗಳು 621ರಲ್ಲಿ ತಾಂಗ್ ವಂಶದ ರಾಜಕುಮಾರನಿಗೆ ಯುದ್ಧದಲ್ಲಿ ನೆರವಾದುದಕ್ಕೆ 728ರ ಶಿಲಾಶಾಸನದ ಆಧಾರವಿದೆ. ಧ್ಯಾನಕ್ಕೂ ದೇಹದಂಡನೆಗೂ ಒಂದೇ ಸೂರಿನಡಿ ಸ್ಥಳ ದೊರೆತುದರಿಂದ, ಶಕ್ತಿಯೊಡನೆ ಸಂಯಮವೂ ಆ ಪರಂಪರೆಯ ಅಂಗವಾಯಿತು.

ಕನ್ನಡ ನಾಡಿನಲ್ಲಿ ಮಲ್ಲವಿದ್ಯೆಗೆ ಅರಮನೆಯ ಆಶ್ರಯವಿತ್ತು. 1126ರಿಂದ 1138ರವರೆಗೆ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಬಿರುದೇ ‘ಭೂಲೋಕಮಲ್ಲ’. ಆತನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಬೃಹದ್ಗ್ರಂಥದಲ್ಲಿ ‘ಮಲ್ಲವಿನೋದ’ವೆಂಬ ಪ್ರಕರಣವೊಂದಿದೆ. ಮಲ್ಲರ ವಯಸ್ಸು, ಆಹಾರ, ಅಭ್ಯಾಸಗಳ ವಿವರ ಅದರಲ್ಲಿ ದೊರೆಯುತ್ತದೆ. ಭಾರ ಎತ್ತುವುದು ಭಾರಶ್ರಮ, ಸುತ್ತಾಟದ ಅಭ್ಯಾಸ ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬವನ್ನೇರಿ ಮಾಡುವ ಸಾಧನೆ ಸ್ತಂಭಶ್ರಮ. ಪ್ರತಿಯೊಂದು ಅಭ್ಯಾಸದ ಹೆಸರಿನಲ್ಲಿಯೂ ‘ಶ್ರಮ’ವಿರುವುದನ್ನು ಕಾಣಬಹುದು. ಸ್ತಂಭಶ್ರಮದ ಮುಂದುವರಿದ ರೂಪವೆನ್ನಲಾದ ಮಲ್ಲಕಂಬಕ್ಕೆ ಬಾಗಲಕೋಟೆ ತಾಲೂಕಿನ ತುಳಸಿಗೇರಿಯು ಹೆಸರಾಗಿದೆ.

ಮುಧೋಳದ ನೆಲಕ್ಕೆ ಸಾಹಿತ್ಯದ ಸಂಬಂಧವೂ ಉಂಟು. ಹತ್ತನೆಯ ಶತಮಾನದಲ್ಲಿ ಇಲ್ಲಿಯೇ ಜನಿಸಿದ ರನ್ನನು, ಬಳೆಗಾರರ ಮನೆತನದಲ್ಲಿ ಹುಟ್ಟಿ ವಿದ್ಯೆಯಿಂದ ಮೇಲೇರಿದವನು. ಭೀಮ ದುರ್ಯೋಧನರ ದ್ವಂದ್ವವನ್ನು ವಸ್ತುವಾಗಿಸಿಕೊಂಡ ಅವನ ಕಾವ್ಯ ‘ಗದಾಯುದ್ಧ’ವೆಂದೇ ಪ್ರಸಿದ್ಧವಾಗಿದೆ. ಗರಡಿಯ ಮೂಲೆಯಲ್ಲಿ ಗದೆ ಹಿಡಿದ ಹನುಮಂತನನ್ನು ಪೂಜಿಸುವ ಊರುಗಳಲ್ಲಿ ಆ ಕಾವ್ಯದ ನೆನಪು ಸಹಜವಾಗಿಯೇ ಬರುತ್ತದೆ.

ತರುವಾಯದ ಕಾಲದಲ್ಲಿ ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ನೆರೆಯ ಕೊಲ್ಲಾಪುರದಲ್ಲಿ ಶಾಹು ಮಹಾರಾಜರು ಕುಸ್ತಿಗೆ ಅಪಾರ ಪ್ರೋತ್ಸಾಹವಿತ್ತು 1912ರಲ್ಲಿ ಖಾಸಬಾಗ ಮೈದಾನವನ್ನು ಕಟ್ಟಿಸಿದ್ದರು. ಆ ನೆರೆಹೊರೆಯ ಗುರುತು ಇಲ್ಲಿಯ ಮಾತಿನಲ್ಲಿಯೂ ಉಳಿದಿದೆ. ಗರಡಿಗೆ ‘ತಾಲೀಮು’, ಗುರುವಿಗೆ ‘ವಸ್ತಾದ’, ಸಾಧಕನಿಗೆ ‘ಪೈಲ್ವಾನ’, ಅವನ ಆಹಾರಕ್ಕೆ ‘ಖುರಾಕು’. ಕನ್ನಡ, ಮರಾಠಿ, ಫಾರಸಿ, ಅರಬ್ಬಿಗಳಿಂದ ಬಂದ ಮಾತುಗಳೆಲ್ಲ ಒಂದೇ ಮಣ್ಣಿನಲ್ಲಿ ಬೆರೆತಿವೆ.

ಮಣ್ಣಿನ ಪಾಠ

ಗರಡಿಯ ಶಿಕ್ಷಣ ಮಣ್ಣು ಹದಮಾಡುವುದರಿಂದ ಆರಂಭವಾಗುತ್ತದೆ. ಜರಡಿಯಾಡಿದ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆಯ ರಸ, ಕರ್ಪೂರಗಳನ್ನು ಬೆರೆಸಿ ಕಣವನ್ನು ಸಿದ್ಧಪಡಿಸುತ್ತಾರೆ. ಕಣ ಗಟ್ಟಿಯಾಗದಂತೆ ನಿತ್ಯವೂ ಅಗೆದು ಹಸನುಗೊಳಿಸಬೇಕು. ಈ ಕೆಲಸವನ್ನು ಕೂಲಿಯಾಳುಗಳಿಗೆ ವಹಿಸುವ ಪದ್ಧತಿಯಿಲ್ಲ. ಸಾಧಕರೇ ಗುದ್ದಲಿ ಹಿಡಿಯುತ್ತಾರೆ. ತೋಳು, ಬೆನ್ನು, ಸೊಂಟಗಳಿಗೆ ಅದೇ ಮೊದಲ ವ್ಯಾಯಾಮ. ತಾನು ಬೀಳುವ ನೆಲವನ್ನು ತಾನೇ ಮೃದುಗೊಳಿಸಬೇಕು, ತನ್ನೊಡನೆ ಸೆಣಸುವವನೂ ಅದೇ ನೆಲದ ಮೇಲೆ ಬೀಳುವನೆಂಬ ಅರಿವು ಅಗೆಯುವ ಕೈಗೆ ತಾನಾಗಿಯೇ ಬರುತ್ತದೆ.

ಸಾಮಿನಲ್ಲಿ ದಂಡ, ಬಸ್ಕಿಗಳು ಮುಖ್ಯ. ದಂಡವು ತೋಳು, ಎದೆ, ಹೆಗಲುಗಳನ್ನು ಬಲಪಡಿಸಿದರೆ, ಬಸ್ಕಿಯು ತೊಡೆ, ಮೊಣಕಾಲುಗಳನ್ನು ಗಟ್ಟಿಗೊಳಿಸುತ್ತದೆ. ಗದೆ ತಿರುಗಿಸುವುದರಿಂದ ಮಣಿಕಟ್ಟು ಹೆಗಲುಗಳು ಪಳಗುತ್ತವೆ. ಇವುಗಳ ಜೊತೆಗೆ ಸಂಗ್ರಾಣಿ ಕಲ್ಲು ಎತ್ತುವುದು, ಧಾನ್ಯ ತುಂಬಿದ ಚೀಲ ಎತ್ತುವುದು ಉತ್ತರ ಕರ್ನಾಟಕದ ಜಾತ್ರೆಗಳ ಜನಪ್ರಿಯ ಸ್ಪರ್ಧೆಗಳು. ಇವೆಲ್ಲವೂ ಒಕ್ಕಲುತನದ ದುಡಿಮೆಯಿಂದಲೇ ಮೂಡಿಬಂದ ಸಾಧನೆಗಳೆನ್ನಬಹುದು. ರಾಶಿಯ ಕಾಲದಲ್ಲಿ ಚೀಲ ಹೊರುವ ಹೆಗಲೇ ಜಾತ್ರೆಯಲ್ಲಿ ಮೆಚ್ಚುಗೆ ಪಡೆಯುತ್ತದೆ.

ರಬಕವಿ-ಬನಹಟ್ಟಿಯ ನೇಕಾರನ ಸ್ಥಿತಿ ಇದಕ್ಕಿಂತ ಭಿನ್ನ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬಾಗಿ ಕೂರುವ ಕಸುಬು ಅವನದು. ವಿದ್ಯುತ್ ಮಗ್ಗ ಬಂದ ಮೇಲೆ ಸದ್ದಿನ ನಡುವೆ ತಾಸುಗಟ್ಟಲೆ ನಿಲ್ಲುವ ದುಡಿಮೆ. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ದೇಹಕ್ಕೆ ಬೆನ್ನು ನೇರಗೊಳ್ಳುವ, ಉಸಿರು ತುಂಬಿಕೊಳ್ಳುವ ಅವಕಾಶ ಬೇಕು. ಮುಂಜಾವಿನ ಒಂದು ತಾಸಿನ ಸಾಮು ಅಂಥ ಅವಕಾಶವನ್ನು ಒದಗಿಸಬಲ್ಲುದು. ಕಾಯಕವನ್ನು ನಂಬಿದ ಜನರಿಗೆ ಕಾಯವನ್ನು ಕಾಪಾಡಿಕೊಳ್ಳುವುದೂ ಕಾಯಕದ ಒಂದು ಭಾಗವೇ ಸರಿ.

ಒಬ್ಬನಿಂದಾಗದ ವಿದ್ಯೆ

ಈ ವಿದ್ಯೆಯ ಮರ್ಮವಿರುವುದು ಜೋಡಿಯಲ್ಲಿ. ದಂಡ ಬಸ್ಕಿಗಳನ್ನು ಒಬ್ಬನೇ ಮಾಡಬಹುದು. ಪಟ್ಟು ಕಲಿಯಲು ಮಾತ್ರ ಇನ್ನೊಬ್ಬನು ಬೇಕು. ಅವನು ತನ್ನ ಮೈಯನ್ನು ಹಿಡಿಯಗೊಟ್ಟು, ಎತ್ತಗೊಟ್ಟು, ಕೆಡವಗೊಟ್ಟಾಗ ಮಾತ್ರ ಪಟ್ಟು ಕೈಹತ್ತುತ್ತದೆ. ಮರುಗಳಿಗೆಯಲ್ಲಿ ಅದೇ ಉಪಕಾರವನ್ನು ಹಿಂದಿರುಗಿಸಬೇಕಾಗುತ್ತದೆ. ಬಲಿತವನು ಎಳೆಯನೊಡನೆ ಹಿಡಿಯುವಾಗ ತನ್ನ ಬಲವನ್ನೆಲ್ಲ ಬಳಸುವುದು ನಾಚಿಕೆಗೇಡೆಂದು ವಸ್ತಾದರು ಕಲಿಸುತ್ತಾರೆ. ಎಳೆಯನ ಅಳತೆಗೆ ತಕ್ಕಷ್ಟೇ ಬಲವನ್ನು ಪ್ರಯೋಗಿಸುವುದೂ ಒಂದು ವಿದ್ಯೆ. ಹೀಗೆ ಒಬ್ಬನ ಬೆಳವಣಿಗೆ ಇನ್ನೊಬ್ಬನ ಮೈಯ ಋಣವಾಗಿ ಪರಿಣಮಿಸುತ್ತದೆ.

ಸೋಲುವುದನ್ನು ಕಲಿಸುವ ಶಾಲೆಯೂ ಇದೇ. ಮಣ್ಣಿನ ಕುಸ್ತಿಯಲ್ಲಿ ಬೆನ್ನು ನೆಲ ಮುಟ್ಟಿದರೆ ತೀರ್ಪಾಯಿತು. ಅದನ್ನು ನೆರೆದವರೆಲ್ಲ ಕಣ್ಣಾರೆ ಕಾಣುತ್ತಾರೆ. ಬಿದ್ದವನು ಎದ್ದು, ಮೈಗಂಟಿದ ಮಣ್ಣು ಕೊಡವಿ, ಗೆದ್ದವನ ಕೈ ಹಿಡಿದು ಹೊರಬರಬೇಕು. ಪರೀಕ್ಷೆಯ ಒಂದು ಅಪಯಶಸ್ಸಿಗೇ ಎದೆಗುಂದುವ ವಿದ್ಯಾರ್ಥಿಗಳನ್ನು ಕಾಣುತ್ತಿರುವ ಶಿಕ್ಷಕರು ಇದರ ಬೆಲೆಯನ್ನು ಬಲ್ಲರು. ವರ್ಷಕ್ಕೊಮ್ಮೆ ಬರುವ ಸೋಲು ಭಯಂಕರವಾಗಿ ತೋರುತ್ತದೆ. ದಿನಕ್ಕೆ ಹತ್ತು ಸಲ ಬಿದ್ದೇಳುವವನಿಗೆ ಅದು ಅಭ್ಯಾಸದ ಒಂದು ಭಾಗವಾಗುತ್ತದೆ.

ಮೈಗೆ ಮೈ ತಾಗದೆ ಕುಸ್ತಿಯಿಲ್ಲ. ಹನುಮಂತನಿಗೆ ಕೈಮುಗಿದು ಮುಸಲ್ಮಾನ ವಸ್ತಾದರಿಂದ ಪಟ್ಟು ಕಲಿಯುವುದು ಗರಡಿಗಳಲ್ಲಿ ಅಪರೂಪವೇನಲ್ಲ. ಆದರೂ ಎಲ್ಲ ಗರಡಿಗಳೂ ಎಲ್ಲರಿಗೂ ತೆರೆದಿದ್ದವೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಓಣಿಗೊಂದು, ಜಾತಿಗೊಂದು ತಾಲೀಮು ಇದ್ದುದೂ ಉಂಟು. ಮಣ್ಣು ಯಾರನ್ನೂ ಬೇರ್ಪಡಿಸದಿದ್ದರೂ ಬಾಗಿಲಲ್ಲಿ ನಿಂತ ಮನುಷ್ಯರು ಬೇರ್ಪಡಿಸಿದರು. ಶಾಲೆಯ ಆವರಣದಲ್ಲಿ ಗರಡಿ ಇರಬೇಕೆಂಬುದಕ್ಕೆ ಇದೇ ಬಲವಾದ ಕಾರಣ. ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ಒಂದೇ.

ಊರಿನ ಋಣ

ಪೈಲ್ವಾನನೊಬ್ಬನನ್ನು ಸಾಕುವುದು ಬಡ ಕುಟುಂಬಕ್ಕೆ ಸುಲಭಸಾಧ್ಯವಲ್ಲ. ಹಾಲು, ತುಪ್ಪ, ಬಾದಾಮಿ, ಉತ್ತತ್ತಿಗಳ ಖುರಾಕಿನ ವೆಚ್ಚ ಮನೆಯ ಉಳಿದವರ ಊಟಕ್ಕಿಂತ ಹೆಚ್ಚಾಗುತ್ತದೆ. ಆದ್ದರಿಂದಲೇ ಊರಿನ ಉಳ್ಳವರು ಹಾಲಿನ ವ್ಯವಸ್ಥೆ ಮಾಡುವುದು, ಜಾತ್ರೆಯ ಕಮಿಟಿಯವರು ವಂತಿಗೆಯೆತ್ತಿ ಬೆಳ್ಳಿಯ ಕಡ, ಗದೆಗಳನ್ನು ಬಹುಮಾನವಾಗಿರಿಸುವುದು ರೂಢಿಯಾಯಿತು. ಇಂಥ ನೆರವಿನ ಉಜ್ವಲ ಉದಾಹರಣೆ ಕೃಷ್ಣಾ ನದಿಯ ಮೇಲ್ದಂಡೆಯಲ್ಲಿಯೇ ಇದೆ. ಕರಾಡದ ಹತ್ತಿರದ ಗೋಳೇಶ್ವರ ಗ್ರಾಮದ ಖಾಶಾಬಾ ದಾದಾಸಾಹೇಬ ಜಾಧವರು 1948ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಆರನೆಯ ಸ್ಥಾನ ಪಡೆದರು. ಮಣ್ಣಿನಲ್ಲಿ ಪಳಗಿದ್ದ ಅವರಿಗೆ ಹಾಸಿನ ಮೇಲಿನ ಸೆಣಸಾಟ ಹೊಸದಾಗಿತ್ತು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದಾದಾಗ ಊರಿನವರು ವಂತಿಗೆ ಕೂಡಿಸಿದರು; ಅವರು ಓದಿದ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿ ಒದಗಿಸಿದರು. ಜಾಧವರು ಕಂಚಿನ ಪದಕದೊಡನೆ ಮರಳಿದರು. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ದೊರೆತ ಮೊದಲ ವೈಯಕ್ತಿಕ ಪದಕ ಅದು. ಒಬ್ಬ ಶಿಕ್ಷಕರ ಔದಾರ್ಯ ಅದರ ಹಿಂದಿತ್ತೆಂಬುದನ್ನು ಶಿಕ್ಷಣಸಂಸ್ಥೆಗಳು ಮರೆಯಲಾಗದು.

ಕೂಡಿ ಶ್ರಮಿಸುವ ಗುಣಕ್ಕೆ ಜಮಖಂಡಿ ತಾಲೂಕು ಇನ್ನೊಂದು ಸಾಕ್ಷಿಯನ್ನು ನೀಡಿದೆ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಅಡ್ಡಲಾಗಿ ರೈತರೇ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ವಂತಿಗೆ ಮತ್ತು ಶ್ರಮದಾನಗಳಿಂದ ಬ್ಯಾರೇಜು ಕಟ್ಟಿದರು. ಅದಕ್ಕೆ ಇಟ್ಟ ಹೆಸರು ‘ಶ್ರಮಬಿಂದು ಸಾಗರ’. ಅದು ಗರಡಿಯಿಂದ ಹುಟ್ಟಿದ ಕಾರ್ಯವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಗರಡಿಯ ಕಣ ಅಗೆಯುವ ಕೈಗಳಿಗೂ ನದಿಗೆ ಒಡ್ಡು ಹಾಕಿದ ಕೈಗಳಿಗೂ ಶ್ರಮದ ಅರ್ಥ ಒಂದೇ: ಒಬ್ಬರ ಬೆವರು ಎಲ್ಲರಿಗೂ ಸಲ್ಲಬೇಕು.

ಕುಂದುಗಳು ಮತ್ತು ಬದಲಾದ ಕಾಲ

ಗರಡಿಯ ಹಿರಿಮೆಯನ್ನು ಹೇಳುವಾಗ ಅದರ ಕುಂದುಗಳನ್ನು ಮರೆಮಾಚಬಾರದು. ಅಕ್ಷರವನ್ನು ಬಿಟ್ಟು ಅಂಗಸಾಧನೆಯನ್ನಷ್ಟೇ ನಂಬಿದ ಅನೇಕರಿಗೆ ಮೈಯ ಬಲ ಕುಂದಿದ ಮೇಲೆ ಜೀವನೋಪಾಯವೇ ಕಷ್ಟವಾಯಿತು. ರಾಜ್ಯ ಸರಕಾರವು ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ನೀಡುವ ಯೋಜನೆ ಕೈಗೊಳ್ಳಬೇಕಾಯಿತೆಂಬುದೇ ಇದನ್ನು ಸೂಚಿಸುತ್ತದೆ. ಬಲವುಳ್ಳವನನ್ನು ಊರಿನ ಪಕ್ಷಜಗಳಗಳಲ್ಲಿ ಬಳಸಿಕೊಂಡವರೂ ಉಂಟು. ಸಂಯಮವಿಲ್ಲದ ಶಕ್ತಿ ಬಾಡಿಗೆಯ ವಸ್ತುವಾಗುತ್ತದೆ.

ಇಂದು ಅಂತರರಾಷ್ಟ್ರೀಯ ಕುಸ್ತಿ ಹಾಸಿನ ಮೇಲೆ ನಡೆಯುತ್ತದೆ. ಮೂರು ಮೂರು ನಿಮಿಷಗಳ ಎರಡು ಸುತ್ತು, ಪಟ್ಟಿಗೆ ತಕ್ಕ ಅಂಕ. ಮಣ್ಣಿನಲ್ಲಿ ತಾಳ್ಮೆ ಮುಖ್ಯವಾದರೆ ಇಲ್ಲಿ ಚುರುಕು ಮುಖ್ಯ. ಈ ಮಾರ್ಪಾಟಿಗೆ ಹೊಂದಿಕೊಂಡವರಿಗೆ ಯಶಸ್ಸೂ ದೊರೆತಿದೆ. ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿಯವರು 2020ರಲ್ಲಿ ದಿಲ್ಲಿಯಲ್ಲಿ ಜರುಗಿದ ಏಷ್ಯನ್ ಕುಸ್ತಿ ಸ್ಪರ್ಧೆಯ ಗ್ರೀಕೋ-ರೋಮನ್ ಶೈಲಿಯ 55 ಕಿಲೋ ವಿಭಾಗದಲ್ಲಿ ಕಂಚಿನ ಪದಕ ಗಳಿಸಿದರು.

ಹೆಣ್ಣುಮಕ್ಕಳನ್ನು ಹಳೆಯ ಗರಡಿ ಹೊಸ್ತಿಲಾಚೆಯೇ ನಿಲ್ಲಿಸಿತ್ತು. 2004ರಿಂದ ಮಹಿಳಾ ಕುಸ್ತಿ ಒಲಿಂಪಿಕ್ಸಿಗೆ ಸೇರಿದೆ. 2016ರಲ್ಲಿ ಸಾಕ್ಷಿ ಮಲಿಕ್ ಕಂಚಿನ ಪದಕ ಗೆದ್ದರು. ಕರ್ನಾಟಕ ಸರಕಾರವು ವಸತಿ ಶಾಲೆ, ವಿದ್ಯಾರ್ಥಿನಿಲಯಗಳ ಬಾಲಕಿಯರಿಗಾಗಿ ಆರಂಭಿಸಿದ ಆತ್ಮರಕ್ಷಣಾ ತರಬೇತಿಗೆ ಓಬವ್ವನ ಹೆಸರನ್ನಿಟ್ಟಿರುವುದು ಉಚಿತವಾಗಿದೆ. ಕರಾಟೆ, ಕುಂಗ್ ಫೂಗಳು ಇಲ್ಲಿ ಹಳೆಯ ಗರಡಿ ಮಾಡದಿದ್ದ ಉಪಕಾರವನ್ನು ಮಾಡಿವೆ ಎಂದು ಒಪ್ಪಬೇಕು.

ಬೀಳಗಿ ತಾಲೂಕಿನ ಮಾತು ಇನ್ನೂ ಬೇರೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಅಲ್ಲಿಯ ಅನೇಕ ಗ್ರಾಮಗಳು ನೆಲ ತೆತ್ತು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡವು. ಮನೆ, ಗುಡಿ, ಶಾಲೆಗಳನ್ನು ಮತ್ತೆ ಕಟ್ಟಬಹುದು. ಸಂಜೆಗೆ ಹುಡುಗರು ಕೂಡುತ್ತಿದ್ದ ಜಾಗ, ಹಿರಿಯರು ನಿಂತು ನೋಡುತ್ತಿದ್ದ ಕಟ್ಟೆ, ಇವು ನಕ್ಷೆಯಲ್ಲಿ ಬರುವುದಿಲ್ಲ. ಹೊಸ ಊರು ನಿಜವಾದ ಊರಾಗಬೇಕಾದರೆ ಅಂಥ ಕೂಟದ ನೆಲವೊಂದು ಅಗತ್ಯ.

ಶಾಲೆಯ ಪಾತ್ರ

ಇದಕ್ಕೆ ದೊಡ್ಡ ಬಂಡವಾಳ ಬೇಕಾಗಿಲ್ಲ. ನೆರಳಿರುವ ಒಂದು ಮೂಲೆ, ಕೆಲವು ಬಂಡಿ ಕೆಮ್ಮಣ್ಣು, ಒಂದು ಮಲ್ಲಕಂಬ, ಒಂದು ಹಾಸು ಇಷ್ಟಿದ್ದರೆ ಆರಂಭಕ್ಕೆ ಸಾಕು. ಊರಿನಲ್ಲಿ ಉಳಿದಿರುವ ವೃದ್ಧ ವಸ್ತಾದರನ್ನು ಗೌರವಧನವಿತ್ತು ಕರೆತಂದರೆ ಅವರ ವಿದ್ಯೆಯೂ ಉಳಿಯುತ್ತದೆ, ಮುಪ್ಪಿಗೆ ಆಸರೆಯೂ ಆಗುತ್ತದೆ. ಪ್ರಸಾದನಿಲಯಗಳನ್ನು ನಡೆಸಿ ಬಡ ಮಕ್ಕಳ ಅನ್ನದ ಚಿಂತೆಯನ್ನು ನೀಗಿದ ಮಠಗಳಿಗೆ ಮಕ್ಕಳ ಹಾಲಿನ ಲೋಟವೊಂದು ಭಾರವಾಗಲಾರದು. ಹಳೆಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದು ಕಿರಿಯರೊಡನೆ ಒಂದು ತಾಸು ಕಣಕ್ಕಿಳಿದರೆ ಅದು ಧನಸಹಾಯಕ್ಕಿಂತ ಕಡಿಮೆಯ ಕಾಣಿಕೆಯಲ್ಲ. ದಂಡ ಬಸ್ಕಿಯಾಗಲಿ ಕರಾಟೆಯಾಗಲಿ, ಬಾಲಕರಿಗೂ ಬಾಲಕಿಯರಿಗೂ ಸಮಾನ ಅವಕಾಶವಿರಬೇಕು. ಓದನ್ನು ಕಡೆಗಣಿಸಿದವನಿಗೆ ಕಣ ಪ್ರವೇಶವಿಲ್ಲವೆಂಬ ನಿಯಮವೂ ಇರಬೇಕು.

ವ್ಯಾಯಾಮಶಾಲೆಯ ಕನ್ನಡಿ ಒಬ್ಬನಿಗೆ ಅವನ ಮೈಯನ್ನಷ್ಟೇ ತೋರಿಸುತ್ತದೆ. ಗರಡಿಯ ಕಣದಲ್ಲಿ ಅವನಿಗೆ ಎದುರಾಗುವವನು ಇನ್ನೊಬ್ಬ ಮನುಷ್ಯ. ಅವನನ್ನು ಕೆಡಹುವುದರ ಜೊತೆಗೆ ಕೈಹಿಡಿದು ಎಬ್ಬಿಸುವುದನ್ನೂ ಕಲಿತ ಮಕ್ಕಳು ಶಾಲೆಯಿಂದ ಹೊರಬಿದ್ದು ಊರು ಸೇರಿದರೆ, ಆ ಊರಿನ ಕೆಲಸಗಳಿಗೆ ಕೈಗಳ ಕೊರತೆಯಾಗದು.